ಪ್ರಕಟನೆ 21ರ ಪಟ್ಟಣದಲ್ಲಿ ದೇವಾಲಯವಿಲ್ಲವೆಂದರೆ ದೇವರ ಹತ್ತಿರ ಹೋಗುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನನ್ನ ತಾಯಿ ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಕಾಯಿಲೆಗಿಂತ ಹೆಚ್ಚಾಗಿ ಅವರನ್ನು ಕಾಡುತ್ತಿರುವುದು ಚರ್ಚಿಗೆ ಹೋಗಲಾಗುತ್ತಿಲ್ಲವೆಂಬ ಕೊರಗು. ಆದ್ದರಿಂದ ದಿನವೂ ಸಂಜೆ ನಾನು ಅವರ ಪಕ್ಕದಲ್ಲಿ ಕುಳಿತು ಸತ್ಯವೇದವನ್ನು ಗಟ್ಟಿಯಾಗಿ ಓದುತ್ತೇನೆ. ಕಳೆದ ವಾರ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಅಧ್ಯಾಯಗಳಿಗೆ ಬಂದೆವು. ಪರಲೋಕದಿಂದ ಇಳಿದು ಬರುವ ಪಟ್ಟಣವಾದ ಹೊಸ ಯೆರೂಸಲೇಮಿನಲ್ಲಿ ದೇವಾಲಯವನ್ನು ಕಾಣಲಿಲ್ಲವೆಂದು ಯೋಹಾನನು ಹೇಳುವ 21:22ನೆಯ ವಚನವನ್ನು ಓದಿದಾಗ ಅಮ್ಮ ನನ್ನನ್ನು ತಡೆದು, "ಅಷ್ಟು ದೊಡ್ಡ ಊರು, ಒಂದು ಗುಡಿಯೂ ಇಲ್ಲ ಅಂದರೆ ದೇವರ ಹತ್ತಿರ ಹೋಗುವುದು ಹೇಗೆ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ.

ನಮ್ಮ ಸತ್ಯವೇದ ಅಧ್ಯಯನದ ಗುಂಪಿನಲ್ಲಿ ಕೇಳಿದಾಗ ಒಬ್ಬರು ಅಲ್ಲಿರುವ ಅಳತೆಗಳೆಲ್ಲ ಅಕ್ಷರಶಃ ನಿಜವೆಂದರು. ಇನ್ನೊಬ್ಬರು ಅದೆಲ್ಲ ಬರೀ ಸಂಕೇತ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ ಎಂದರು. ಈ "ಬರೀ" ಎಂಬ ಮಾತು ನನಗೆ ನೋವು ತಂದಿತು. ಸಂಕೇತವೆಂದು ಓದಿದರೆ ಅಮ್ಮನಿಗೆ ಕೊಟ್ಟ ವಾಗ್ದಾನ ಕಡಿಮೆಯಾಗಿಬಿಡುತ್ತದೆಯೇ? ಬಲ್ಲವರು ದಯವಿಟ್ಟು ವಿವರಿಸಿ.

ಉತ್ತರ 1: ನಿವೃತ್ತ ಸಂಡೇ ಸ್ಕೂಲ್ ಶಿಕ್ಷಕ

ಪ್ರಿಯ ಸಹೋದರಿ, ನಿಮ್ಮ ತಾಯಿಯವರು ಆ ಅಧ್ಯಾಯದ ನಡುಬಿಂದುವನ್ನೇ ಮುಟ್ಟಿ ಕೇಳಿದ್ದಾರೆ. ಅವರ ಪ್ರಶ್ನೆಗೆ ಉತ್ತರವು, ನಾವೆಲ್ಲ ಬೇಗ ಬೇಗ ಓದಿ ದಾಟಿಬಿಡುವ ಅಳತೆಗಳಲ್ಲಿಯೇ ಇದೆ.

ಪಟ್ಟಣದ ಉದ್ದ, ಅಗಲ, ಎತ್ತರ ಮೂರೂ ಸಮವೆಂದು 21:16 ಹೇಳುತ್ತದೆ. ಮೂಲ ಗ್ರೀಕ್‌ನಲ್ಲಿ ಅದು 12,000 ಸ್ಟೇಡಿಯ (ಗ್ರೀಕರ ಉದ್ದದ ಅಳತೆ). ಕೆಲವು ಅನುವಾದಗಳು ಇದನ್ನು ಮೈಲಿಗೋ ಕಿಲೋಮೀಟರಿಗೋ ಬದಲಾಯಿಸುತ್ತವೆ. ಹಾಗೆ ಮಾಡಿದಾಗ ಸುಮಾರು 2,200 ಕಿಲೋಮೀಟರ್ ಎಂಬ ಸಂಖ್ಯೆ ಸಿಗುತ್ತದೆಯೇ ಹೊರತು, ಹನ್ನೆರಡು ಕುಲಗಳನ್ನೂ ಹನ್ನೆರಡು ಮಂದಿ ಅಪೊಸ್ತಲರನ್ನೂ ನೆನಪಿಸುವ ಆ ಹನ್ನೆರಡು ಕೈಬಿಟ್ಟುಹೋಗುತ್ತದೆ. ಮುಂದಿನ ವಚನದ ಗೋಡೆ 144 ಮೊಳ, ಅಂದರೆ ಹನ್ನೆರಡು ಹನ್ನೆರಡಲ. ಮುಗಿಲನ್ನು ದಾಟಿ ಸಾವಿರಾರು ಕಿಲೋಮೀಟರ್ ಮೇಲಕ್ಕೇರುವ ಊರಿಗೆ ಸುಮಾರು 65 ಮೀಟರಿನ ಗೋಡೆ ಎಂದರೆ, ಯೋಹಾನನು ಮೇಸ್ತ್ರಿಯ ನಕ್ಷೆಯನ್ನು ನಮ್ಮ ಕೈಗೆ ಕೊಡುತ್ತಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ಉದ್ದ, ಅಗಲ, ಎತ್ತರ ಸಮವಾಗಿದ್ದು ಬಂಗಾರದಿಂದಾದ ಸ್ಥಳವನ್ನು ಸತ್ಯವೇದದಲ್ಲಿ ನಾವು ಹಿಂದೆ ಎಲ್ಲಿ ಕಂಡಿದ್ದೇವೆ? 1 ಅರಸುಗಳು 6:20ನ್ನು ತೆಗೆದು ನೋಡಿ. ಸೊಲೊಮೋನನ ದೇವಾಲಯದಲ್ಲಿ ದೇವರ ಸನ್ನಿಧಿಯ ಒಳಕೋಣೆಯಾದ ಮಹಾಪರಿಶುದ್ಧಸ್ಥಳವು 20 ಮೊಳ ಉದ್ದ, 20 ಮೊಳ ಅಗಲ, 20 ಮೊಳ ಎತ್ತರವಿದ್ದು, ಚೊಕ್ಕ ಬಂಗಾರದಿಂದ ಹೊದಿಸಲ್ಪಟ್ಟಿತ್ತು. ಆ ಕತ್ತಲೆಯ ಕೋಣೆಯೊಳಗೆ ಮಹಾಯಾಜಕನೊಬ್ಬನೇ ವರ್ಷಕ್ಕೊಂದು ದಿನ, ದೋಷಪರಿಹಾರಕ ದಿನದಲ್ಲಿ ಮಾತ್ರ ಹೋಗಬಹುದಾಗಿತ್ತು. ಅವನೂ ಸಾಯದಂತೆ ಧೂಪದ ಹೊಗೆ, ಒಡಂಬಡಿಕೆಯ ಮಂಜೂಷದ ಮುಚ್ಚಳವಾದ ಕೃಪಾಸನವನ್ನು ಕವಿದಿರಬೇಕೆಂದು ಯಾಜಕಕಾಂಡ 16:13 ವಿಧಿಸುತ್ತದೆ. ಆ ಕೋಣೆಯೇ ಬೆಳೆದು ಬೆಳೆದು ಪಟ್ಟಣವಾಗಿ ನಿಂತಿರುವುದನ್ನು ಯೋಹಾನನು ನೋಡುತ್ತಿದ್ದಾನೆ.

ಅಲ್ಲಿ ದೇವಾಲಯವಿಲ್ಲದಿರುವುದು ದೇವರು ದೂರವಿರುವುದರಿಂದಲ್ಲ. ಊರಿನ ಯಾವ ಮೂಲೆಯಲ್ಲಿ ನಿಂತರೂ ನಾವು ಮಹಾಪರಿಶುದ್ಧಸ್ಥಳದೊಳಗೇ ಇರುತ್ತೇವೆ. ಹೋಗಿ ಸೇರಬೇಕಾದ ಇನ್ನೊಂದು ಒಳಕೋಣೆ ಉಳಿದಿಲ್ಲ. 21:22ರ ಉತ್ತರಾರ್ಧ ಇದನ್ನೇ ಹೇಳುತ್ತದೆ: ಸರ್ವಶಕ್ತನಾದ ದೇವರೂ ಯಜ್ಞದ ಕುರಿಯಾದಾತನೂ (ಯೇಸುವೂ) ತಾವೇ ಅದರ ದೇವಾಲಯ. ಇದನ್ನು ಮೊದಲು ಕೇಳಿಸಿಕೊಂಡ ಏಷ್ಯಾ ಸೀಮೆಯ ಏಳು ಸಭೆಗಳನ್ನೂ ನೆನೆಯಿರಿ. ಈ ಪುಸ್ತಕವು ಸುಮಾರು 95ನೆಯ ಇಸವಿಯಲ್ಲಿ ಬರೆಯಲ್ಪಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಯೆರೂಸಲೇಮಿನ ದೇವಾಲಯವನ್ನು ರೋಮನ್ನರು 70ರಲ್ಲಿಯೇ ಸುಟ್ಟುಹಾಕಿದ್ದರು. ಹೋಗಲು ದೇವಾಲಯವೇ ಇಲ್ಲದವರಿಗೆ ಈ ದರ್ಶನ ಬಂದಿತು.

ಉತ್ತರ 2: ಬೆರೋಯದವರಂತೆ ಓದುವವನು

ಹಿರಿಯರ ವಿವರಣೆ ನನ್ನ ಮನಸ್ಸಿಗೆ ಹಿಡಿಸಿತು. ಆದರೂ ಒಂದು ಆತಂಕವನ್ನು ಗೌರವದಿಂದ ಹೇಳಬೇಕಾಗಿದೆ. ಅರಸನು ಕತ್ತೆಯ ಮೇಲೆ ಕುಳಿತು ಬರುವನೆಂದು ಜೆಕರ್ಯ 9:9 ಹೇಳಿತ್ತು. ಯೇಸು ನಿಜವಾದ ಕತ್ತೆಯನ್ನೇ ಹತ್ತಿ ಯೆರೂಸಲೇಮನ್ನು ಪ್ರವೇಶಿಸಿದನು. ಮೀಕ 5:2 ಬೇತ್ಲೆಹೇಮನ್ನು ಹೆಸರಿಸಿತ್ತು. ಆತನು ಹುಟ್ಟಿದ್ದು ಅದೇ ಊರಿನಲ್ಲಿ. ಮೊದಲನೆಯ ಬರೋಣದ ಪ್ರವಾದನೆಗಳು ಹೀಗೆ ನೇರವಾಗಿ ನೆರವೇರಿರುವಾಗ, ಎರಡನೆಯ ಬರೋಣದವುಗಳನ್ನು ಮಾತ್ರ ಸಂಕೇತವೆನ್ನಲು ನಮಗೆ ಯಾವ ಅಧಿಕಾರವಿದೆ? ಪಟ್ಟಣದ ಗೋಡೆಯನ್ನು ಮನುಷ್ಯರ ಅಳತೆಯಿಂದಲೇ ಅಳೆದದ್ದೆಂದು 21:17 ಒತ್ತಿ ಹೇಳುತ್ತದೆಯಲ್ಲವೇ? ಈ ಬಾಗಿಲನ್ನು ಒಮ್ಮೆ ತೆರೆದರೆ, ನಾಳೆ ಪುನರುತ್ಥಾನವೂ ಸಂಕೇತವೆನ್ನುವವರನ್ನು ತಡೆಯುವುದು ಹೇಗೆ?

ಉತ್ತರ 3: ದೈವಶಾಸ್ತ್ರದ ವಿದ್ಯಾರ್ಥಿನಿ

ಸಹೋದರರು ಎತ್ತಿದ ಆತಂಕ ಹೊಸದಲ್ಲ, ಹಗುರವಾದುದೂ ಅಲ್ಲ. ಎರಡನೆಯ ಶತಮಾನದಲ್ಲಿ ಹುತಾತ್ಮನಾದ ಜಸ್ಟಿನನು, ಯೆರೂಸಲೇಮು ಮತ್ತೆ ಕಟ್ಟಲ್ಪಟ್ಟು ಭಕ್ತರು ಅಲ್ಲಿ ಸಾವಿರ ವರ್ಷ ಬಾಳುವರೆಂದು ಅಕ್ಷರಶಃ ನಂಬಿದ್ದನು. ಹಾಗಿದ್ದೂ ಶುದ್ಧ ನಂಬಿಕೆಯುಳ್ಳ ಅನೇಕ ಕ್ರೈಸ್ತರು ತನ್ನಂತೆ ಯೋಚಿಸುವುದಿಲ್ಲವೆಂದು ಅವನೇ ಬರೆದಿದ್ದಾನೆ. ಆ ಸಾವಿರ ವರ್ಷಗಳನ್ನು ಸಭೆಯ ಈಗಿನ ಕಾಲವೆಂದು ಅರ್ಥೈಸಿದ ಐದನೆಯ ಶತಮಾನದ ಸಭಾಪಿತೃ ಅಗಸ್ಟೀನನು ಕೂಡ, ಹಿಂದೊಮ್ಮೆ ತಾನು ಬೇರೆ ಅಭಿಪ್ರಾಯ ಹೊಂದಿದ್ದೆನೆಂದು ಮರೆಮಾಚದೆ ಒಪ್ಪಿಕೊಂಡನು. ಈ ಇಬ್ಬರಲ್ಲಿದ್ದ ಸೌಜನ್ಯ ನಮ್ಮಲ್ಲಿಯೂ ಇರಲೆಂದು ನಾನು ಮನಸಾರೆ ಬಯಸುತ್ತೇನೆ.

ಆದರೆ ಸಂಕೇತಕ್ಕೆ ಎಲ್ಲೆಯನ್ನು ನಾವು ಹಾಕಬೇಕಾಗಿಲ್ಲ. ಆಯಾ ಪುಸ್ತಕವೇ ಹಾಕುತ್ತದೆ. ಏಳು ದೀಪಸ್ತಂಭಗಳೆಂದರೆ ಏಳು ಸಭೆಗಳೆಂದು ಪ್ರಕಟನೆ 1:20 ತಾನೇ ಬಿಡಿಸಿ ಹೇಳುತ್ತದೆ. 21:9ರಲ್ಲಿ ದೇವದೂತನು ಮದಲಗಿತ್ತಿಯನ್ನು ತೋರಿಸುತ್ತೇನೆಂದು ಕರೆದೊಯ್ಯುತ್ತಾನೆ, ಮರುವಚನದಲ್ಲಿ ಯೋಹಾನನು ನೋಡುವುದು ಪಟ್ಟಣವನ್ನು. ಊರೂ ಮದಲಗಿತ್ತಿಯೂ ಒಂದೇ ಆಗಿರುವಾಗ, ಅದು ದೇವರೊಂದಿಗೆ ಒಂದಾದ ಜನರ ಚಿತ್ರವೆಂದು ಓದುವುದು ನಾವು ಹೊರಗಿನಿಂದ ತಂದ ಅರ್ಥವಲ್ಲ. ಪುನರುತ್ಥಾನದ ಮಾತು ಬೇರೆ. 1 ಕೊರಿಂಥ 15ರಲ್ಲಿ ಪೌಲನು ದರ್ಶನವನ್ನು ವರ್ಣಿಸುತ್ತಿಲ್ಲ. ಕೇಫನು (ಪೇತ್ರನು), ಹನ್ನೆರಡು ಮಂದಿ, ಒಂದೇ ಸಮಯದಲ್ಲಿ ಕಂಡ 500ಕ್ಕಿಂತ ಹೆಚ್ಚು ಸಹೋದರರು ಎಂದು ಸಾಕ್ಷಿಗಳನ್ನು ನಿಲ್ಲಿಸುತ್ತಿದ್ದಾನೆ.

ಅಂಕಿಗಳನ್ನು ಗಣಿತವಾಗಿ ಹಿಡಿದವರಿಗೆ ಆದ ನೋವನ್ನೂ ನಾವು ಮರೆಯಬಾರದು. ದಾನಿಯೇಲ 8:14ರ 2,300 ದಿನಗಳನ್ನು ವರ್ಷಗಳೆಂದು ಎಣಿಸಿದ ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನ ಬರೋಣಕ್ಕಾಗಿ ಕಾದು ಕುಳಿತು, ಮರುದಿನ ಬೆಳಗಾದಾಗ ಅತ್ತರು. ಅವರ ಹಂಬಲ ಸುಳ್ಳಾಗಿರಲಿಲ್ಲ.

ಸಹೋದರಿಯವರೇ, ಇನ್ನೆರಡು ವಚನಗಳನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ. ದೇವರ ಹೆಸರು ಆತನ ದಾಸರ ಹಣೆಯ ಮೇಲಿರುವುದೆಂದೂ ಅವರು ಆತನ ಮುಖವನ್ನು ನೋಡುವರೆಂದೂ 22:4 ಹೇಳುತ್ತದೆ. ಹಿಂದೆ ಆ ಹೆಸರನ್ನು ಕೆತ್ತಿದ ಬಂಗಾರದ ಪಟ್ಟಿಯನ್ನು ಹಣೆಯ ಮೇಲೆ ಧರಿಸುತ್ತಿದ್ದವನು ಮಹಾಯಾಜಕನೊಬ್ಬನೇ. ಅದು ವಿಮೋಚನಕಾಂಡ 28:36ರಲ್ಲಿದೆ. ಮೋಶೆಗೂ ಸಿಗದಿದ್ದ ಮುಖದರ್ಶನ ಇಲ್ಲಿ ದಾಸರೆಲ್ಲರಿಗೂ ಸಿಗುತ್ತದೆ.

ಎರಡನೆಯದು ಯೆಹೆಜ್ಕೇಲ 11:16. ಸೆರೆಯಾಗಿ ದೂರದೇಶಕ್ಕೆ ಹೋಗಿ ದೇವಾಲಯವನ್ನು ಮುಟ್ಟಲಾಗದವರನ್ನು ಕುರಿತು, ಅವರು ಸೇರಿದ ದೇಶಗಳಲ್ಲಿ ತಾನೇ ಅವರಿಗೆ ಪವಿತ್ರಾಲಯವಾಗಿದ್ದೇನೆಂದು ಕರ್ತನು ಅಲ್ಲಿ ಹೇಳುತ್ತಾನೆ. ಪ್ರಕಟನೆ 21:22ರಲ್ಲಿ ಪೂರ್ಣವಾಗುವ ವಾಗ್ದಾನದ ಮೊದಲ ಮಾತು ಅದು, ಮತ್ತು ಅದು ಬಂದದ್ದು ಮನೆ ಬಿಟ್ಟು ಕದಲಲಾಗದವರಿಗೂ ಸಲ್ಲುವಂಥ ಸ್ಥಿತಿಯಲ್ಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಸಂಜೆ 1 ಅರಸುಗಳು 6ನ್ನೂ ಪ್ರಕಟನೆ 21ನ್ನೂ ಒಂದರ ಹಿಂದೊಂದು ಓದಿದೆ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಬಹಳ ಹೊತ್ತಿಗೆ, "ಹಾಗಾದರೆ ಒಳಗೆ ಬಾ ಅಂತ ಯಾರೂ ಕರೆಯಬೇಕಾಗಿಲ್ಲ, ಒಳಗೇ ಇರುತ್ತೇವೆ" ಎಂದರು. ಯೆಹೆಜ್ಕೇಲನ ಆ ವಚನವನ್ನು ಎರಡು ಸಲ ಓದಿಸಿದರು.

ಅದೇ ಪ್ರವಾದಿಯ 47ನೆಯ ಅಧ್ಯಾಯವನ್ನೂ ಓದೋಣವೆಂದರು. ದೇವಾಲಯದಿಂದ ಹೊರಟ ನೀರು ಮೊದಲು ಕಾಲಿನ ಹರಡಿನ ತನಕ, ಆಮೇಲೆ ಮೊಣಕಾಲಿನ ತನಕ, ಸೊಂಟದ ತನಕ, ಕೊನೆಗೆ ಈಜಬೇಕಾದಷ್ಟು ಏರಿ, ಉಪ್ಪುನೀರಿನ ಸಮುದ್ರವನ್ನು ಸಿಹಿಯಾಗಿಸುತ್ತದೆ. ಆದರೆ 11ನೆಯ ವಚನದಲ್ಲಿ ಜವುಗುನೆಲಗಳು ಮಾತ್ರ ಸಿಹಿಯಾಗದೆ ಉಪ್ಪಾಗಿಯೇ ಉಳಿಯುತ್ತವೆ ಎಂದಿದೆ. ಎಲ್ಲವನ್ನೂ ಗುಣಪಡಿಸುವ ನದಿ ಅವನ್ನೇಕೆ ಬಿಟ್ಟಿತೆಂದು ಅಮ್ಮ ಕೇಳುತ್ತಿದ್ದಾರೆ. ಇದಕ್ಕೂ ತಾವು ವಿವರಣೆ ಕೊಡಬಹುದೇ?