ಅಪ್‌ಡೇಟ್: ಚಿಂಟು ಈಗ ಹೃದಯದ ಔಷಧಿ ಕುಡಿಯುತ್ತಿದ್ದಾನೆ

ನಮ್ಮ ಗಿನಿಪಿಗ್ ಬಾಯಿ ಬಿಗಿಹಿಡಿದು ಹೃದಯದ ಔಷಧಿಯನ್ನೆಲ್ಲ ಉಗುಳುತ್ತಾನೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ಚಿಂಟು ಪಿಮೊಬೆಂಡಾನ್, ಫ್ಯೂರೋಸೆಮೈಡ್ ಎರಡನ್ನೂ ತೆಗೆದುಕೊಳ್ಳುತ್ತಿದ್ದಾನೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಉಪಯೋಗಕ್ಕೆ ಬಂದದ್ದು ಸೂಜಿ ಇಲ್ಲದ 1 ಎಂಎಲ್ ಸಿರಿಂಜು. ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲುಗಳ ಹಿಂದಿರುವ ಸಂದಿಯಲ್ಲಿ ಇಡುತ್ತೇನೆ. ಸ್ವಲ್ಪ ಬಿಡುವುದು, ಅವನು ಅಗಿದು ನುಂಗುವ ತನಕ ಕಾಯುವುದು, ಮತ್ತೆ ಸ್ವಲ್ಪ. ದಯವಿಟ್ಟು ಬೆನ್ನ ಮೇಲೆ ಮಲಗಿಸಿ ಕುಡಿಸಬೇಡಿ. ಮೊದಲೇ ಉಸಿರಾಟ ಕಷ್ಟ, ಔಷಧಿ ಶ್ವಾಸಕೋಶಕ್ಕೆ ಹೋದರೆ ಅಪಾಯ ಅಲ್ವಾ?

ಪಿಮೊಬೆಂಡಾನ್ ಹೃದಯ ಬಲವಾಗಿ ಬಡಿಯಲು ನೆರವಾಗುತ್ತದೆ. ಫ್ಯೂರೋಸೆಮೈಡ್ ಮೈಯಲ್ಲಿ ನಿಂತ ನೀರನ್ನು ಹೊರಹಾಕುತ್ತದೆ. ಹಾಗಾಗಿ ಉಚ್ಚೆ ಜಾಸ್ತಿ, ಬಾಯಾರಿಕೆಯೂ ಜಾಸ್ತಿ. ಗೂಡಿನಲ್ಲಿ ಇನ್ನೊಂದು ನೀರಿನ ಬಾಟಲಿ ಕಟ್ಟಿದ್ದೇನೆ. ಹಾಸಿಗೆ ಬಟ್ಟೆಯನ್ನೂ ಬೇಗ ಬೇಗ ಬದಲಿಸುತ್ತೇನೆ.

ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಕ ನೋಡುತ್ತೇನೆ. ತೂಕ ಇಳಿದರೆ ಸರಿಯಾಗಿ ತಿನ್ನುತ್ತಿಲ್ಲ ಅಥವಾ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದಿರಬಹುದು. ದಿಢೀರನೆ ಏರಿದರೆ ನೀರು ತುಂಬಿಕೊಳ್ಳುತ್ತಿರಬಹುದು. ನಿದ್ದೆಯಲ್ಲಿ ಅವನ ಉಸಿರಾಟದ ವಿಡಿಯೋ ಮಾಡಿ ವೈದ್ಯರಿಗೆ ಕಳಿಸುತ್ತೇನೆ. ಒಣಹುಲ್ಲು ತಿನ್ನುವುದನ್ನು ಬಿಟ್ಟರಂತೂ ಮರುದಿನಕ್ಕೆ ಕಾಯಬಾರದು. ಗಿನಿಪಿಗ್‌ಗಳ ಕರುಳು ಖಾಲಿ ಇರಬಾರದು.

ಡೋಸ್ ಎಷ್ಟೆಂದು ಕೆಲವರು ಕೇಳಿದ್ದೀರಿ. ಬೇಕೆಂದೇ ಬರೆಯುತ್ತಿಲ್ಲ. ನಿಮ್ಮ ಪುಟ್ಟ ಪ್ರಾಣಿಯ ತೂಕ, ಎಕೋ ಸ್ಕ್ಯಾನ್ ನೋಡಿದ ವೈದ್ಯರೇ ಅದನ್ನು ಹೇಳಬೇಕು.