ವಿಂಡೋಸ್ 7ರಲ್ಲಿ ಪೇಜ್‌ಮೇಕರ್ ಉಳಿಯಬೇಕು, ವಾಟ್ಸ್‌ಆ್ಯಪ್ ಕೆಲಸವೂ ನಡೆಯಬೇಕು. ದಾರಿ ಇದೆಯಾ?

ಪ್ರೆಸ್ ಹುಡುಗ, ತೀರ್ಥಹಳ್ಳಿ

ಚಿಕ್ಕಪ್ಪನದ್ದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕ, ಇಂಥ ಕೆಲಸ. ಡಿಟಿಪಿಗೆ ಇರುವುದು ಒಂದೇ ಸಿಸ್ಟಮ್. ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 7. ಅದರಲ್ಲಿ ಪುಟ ಕಟ್ಟುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ಹಳೆಯ ನುಡಿ, ಜೊತೆಗೆ ದುಡ್ಡು ಕೊಟ್ಟು ತಂದ ಇನ್ನೊಂದು ಕನ್ನಡ ಫಾಂಟ್ ಪ್ಯಾಕೇಜ್. ಆ ಪ್ಯಾಕೇಜ್‌ಗೆ ಡಾಂಗಲ್ (ಸಿಸ್ಟಮ್‌ಗೆ ಸಿಕ್ಕಿಸುವ ಬೀಗದ ಕೈ ಥರದ್ದು) ಬೇರೆ ಇದೆ. ಅದು ಹಿಂದೆ ಸಿಕ್ಕಿಸಿರದಿದ್ದರೆ ಟೈಪೇ ಆಗುವುದಿಲ್ಲ.

ಪುಟ ಕಟ್ಟುವುದಕ್ಕೆ ಏನೂ ತೊಂದರೆ ಇಲ್ಲ, ಚಿಕ್ಕಪ್ಪನಿಗೆ ಅದು ನೀರು ಕುಡಿದಷ್ಟು ಸಲೀಸು. ತಲೆನೋವು ಇರುವುದು ಹೊರಗಿನಿಂದ ಬರುವ ಮ್ಯಾಟರ್‌ದು. ಈಗ ಗಿರಾಕಿಗಳು ಯಾರೂ ಹಾಳೆಯಲ್ಲಿ ಬರೆದು ತರುವುದಿಲ್ಲ, ಎಲ್ಲ ವಾಟ್ಸ್‌ಆ್ಯಪ್. ಬ್ರೌಸರ್ ತೆರೆದರೆ ಇದು ಹಳೆಯದಾಯಿತು, ಬದಲಿಸಿ ಅನ್ನುತ್ತದೆ. ಕೆಲವು ದಿನ ಯಾವ ಸೈಟೂ ತೆರೆಯುವುದಿಲ್ಲ, ಸಂಪರ್ಕ ಸುರಕ್ಷಿತವಲ್ಲ ಅಂತ ಕೆಂಪು ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಾನಾಗಿಯೇ ಸರಿ ಇರುತ್ತದೆ. ಹೊಸದಾಗಿ ತಂದ ಕಲರ್ ಪ್ರಿಂಟರ್‌ಗೆ ವಿಂಡೋಸ್ 7ರ ಡ್ರೈವರ್ರೇ ಇಲ್ಲ. ಒಂದು ಪಿಡಿಎಫ್ ಸಾಫ್ಟ್‌ವೇರ್ ಹಾಕಲು ಹೋದರೆ ಎಂತದೋ ಡಿಎಲ್‌ಎಲ್ ಫೈಲ್ ಇಲ್ಲ ಅನ್ನುತ್ತದೆ, ಎಪಿಐ-ಎಂಎಸ್-ವಿನ್-ಸಿಆರ್‌ಟಿ ಅಂತ ಉದ್ದದ ಹೆಸರು.

ಅಂಗಡಿಯವರು ಹೊಸ ಸಿಸ್ಟಮ್ ತಗೊಳ್ಳಿ ಅನ್ನುತ್ತಾರೆ. ಹೊಸದರಲ್ಲಿ ಪೇಜ್‌ಮೇಕರ್, ಡಾಂಗಲ್ ಎಲ್ಲ ನಡೆಯುತ್ತದಾ ಅಂತ ಕೇಳಿದರೆ ಮಾತು ಬದಲಾಯಿಸುತ್ತಾರೆ. ಲಗ್ನದ ಸೀಸನ್ ಹತ್ತಿರ ಬಂತು. ಇದನ್ನೇ ಇನ್ನೂ ಸ್ವಲ್ಪ ವರ್ಷ ಎಳೆಯಬಹುದಾ, ಹೇಗೆ?

ಹುಲಿಕಲ್ ಘಾಟಿ

ಮೊದಲು ಒಂದು ನೋಡಿ ಮಾರಾಯ್ರೆ. ಆ ಕೆಂಪು ಬರುವ ದಿನ ಪರದೆಯ ಕೆಳಗೆ ಬಲ ಮೂಲೆಯಲ್ಲಿ ತಾರೀಕು ಎಷ್ಟಿರುತ್ತದೆ? ಹಳೆಯ ಯಾವುದೋ ಇಸವಿಯ ಜನವರಿ 1 ಅಂತಿದ್ದರೆ ಬ್ರೌಸರನ್ನು ಬೈದು ಪ್ರಯೋಜನ ಇಲ್ಲ. ಮದರ್‌ಬೋರ್ಡ್ ಮೇಲೆ ಒಂದು ಬಿಲ್ಲೆ ಸೆಲ್ ಇರುತ್ತದೆ, ಸಿಆರ್ 2032, 3 ವೋಲ್ಟ್‌ದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಯುವುದು ಅದರಿಂದಲೇ. ನಮ್ಮ ಕಡೆ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡುತ್ತೇವೆ, ಅಲ್ವಾ? ಸೆಲ್ ಸತ್ತಿದ್ದರೆ ಬೆಳಿಗ್ಗೆ ತಾರೀಕು ಹಿಂದಕ್ಕೆ ಹೋಗಿರುತ್ತದೆ. ಪ್ರತಿ ಸೈಟಿನ ಸುರಕ್ಷಾ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇದೆ. ನಿಮ್ಮ ಸಿಸ್ಟಮ್ ಲೆಕ್ಕದಲ್ಲಿ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಕೆಂಪು. ಆಮೇಲೆ ವಿಂಡೋಸ್ ನೆಟ್‌ನಿಂದ ಸಮಯ ಸರಿಮಾಡಿಕೊಂಡಾಗ ಎಲ್ಲ ತೆರೆಯುತ್ತದೆ. ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಇನ್ನು ಬ್ರೌಸರ್. ವಿಂಡೋಸ್ 7ಕ್ಕೆ ಕ್ರೋಮ್ 109 ಕೊನೆಯದು, 2023ರ ಜನವರಿಯಲ್ಲಿ ಬಂದದ್ದು. ಅದನ್ನು ಬಿಟ್ಟು ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ. ಅದೂ 2023ರದ್ದೇ, ಆದರೆ ಹಳೆಯ ವಿಂಡೋಸ್ ಇಟ್ಟುಕೊಂಡವರಿಗೋಸ್ಕರ ಅದರ ಸುರಕ್ಷಾ ಅಪ್‌ಡೇಟ್ ಅವಧಿಯನ್ನು ಆಮೇಲೂ ಮುಂದೂಡಿದ್ದಾರೆ. ಸೂಪರ್‌ಮಿಯಮ್ ಅಂತ ಇನ್ನೊಂದಿದೆ, ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಮ್‌ನ ಹೊಸ ಆವೃತ್ತಿಯನ್ನು ಹಳೆಯ ವಿಂಡೋಸ್‌ಗೆ ಹೊಂದಿಸಿದ್ದು. ಎಕ್ಸ್‌ಪಿಯಲ್ಲೂ ಓಡುತ್ತದೆ. 2 ಜಿಬಿ ರ‍್ಯಾಮ್‌ನಲ್ಲಿ ಮಾತ್ರ ಯಾವುದಾದರೂ ಒದ್ದಾಡುತ್ತದೆ. ಇನ್ನೊಂದು 2 ಜಿಬಿ ಕಡ್ಡಿ ಹಾಕಿಸಿ, 32 ಬಿಟ್ ಆದ್ದರಿಂದ ಅದಕ್ಕಿಂತ ಜಾಸ್ತಿ ಹಾಕಿ ಉಪಯೋಗ ಇಲ್ಲ.

ಆ ಉದ್ದ ಹೆಸರಿನ ಡಿಎಲ್‌ಎಲ್‌ಗೆ ಮದ್ದು ಕೆಬಿ 2999226 ಅನ್ನುವ ಅಪ್‌ಡೇಟ್. ಹೊಸ ಪ್ರೋಗ್ರಾಂಗಳು ಬೇಡುವ ಸಿ ರನ್‌ಟೈಮ್ ಅನ್ನುವ ಫೈಲ್‌ಗಳ ಗುಂಪು ವಿಂಡೋಸ್ 10ರಲ್ಲಿ ಮೊದಲೇ ಇದೆ, 7ಕ್ಕೆ ನಾವೇ ಹಾಕಿಕೊಳ್ಳಬೇಕು. ದಯವಿಟ್ಟು ಡಿಎಲ್‌ಎಲ್ ಡೌನ್‌ಲೋಡ್ ಅಂತ ಹುಡುಕಿ ಸಿಕ್ಕ ಸಿಕ್ಕ ಸೈಟಿನಿಂದ ತರಬೇಡಿ. ಇದಕ್ಕೂ ಮೊದಲು ಸರ್ವಿಸ್ ಪ್ಯಾಕ್ 1 ಇದೆಯಾ ನೋಡಿ. ಆಮೇಲೆ ಕೆಬಿ 4490628, ಅದಾದ ಮೇಲೆ ಕೆಬಿ 4474419. ಇವೆರಡು ಇಲ್ಲದಿದ್ದರೆ 2019ರ ನಂತರದ ಅಪ್‌ಡೇಟ್‌ಗಳ ಹೊಸ ಬಗೆಯ ಸಹಿ ನಿಮ್ಮ ವಿಂಡೋಸ್‌ಗೆ ಗುರುತೇ ಸಿಗುವುದಿಲ್ಲ. ಎಲ್ಲವೂ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಸೈಟಿನಲ್ಲಿ ಸಿಗುತ್ತವೆ.

ಡಿಎಲ್‌ಎಲ್ ಇಲ್ಲ ಅನ್ನುವ ಬದಲು ವಿಂಡೋಸ್‌ನದ್ದೇ ಫೈಲ್ ಆದ ಕರ್ನಲ್ 32ರ ಹೆಸರು ಹೇಳಿ ಎಂಟ್ರಿ ಪಾಯಿಂಟ್ ಸಿಗಲಿಲ್ಲ ಅಂದರೆ ಅದಕ್ಕೆ ಈ ಮದ್ದು ಹಿಡಿಯುವುದಿಲ್ಲ. ಆ ಪ್ರೋಗ್ರಾಂ ಹೊಸ ವಿಂಡೋಸ್‌ಗೇ ಮಾಡಿದ್ದು. ಅದರ ಹಳೆಯ ಆವೃತ್ತಿ ಹುಡುಕಿ.

ದುರ್ಗಿಗುಡಿ ರಿಪೇರಿ

ಮೇಲಿನವರು ಹೇಳಿದ್ದು ಎಲ್ಲ ಸರಿ, ಆದರೆ ನಾನಾಗಿದ್ದರೆ ಆ ಸಿಸ್ಟಮ್‌ಗೆ ಬ್ರೌಸರ್ರೇ ಹಾಕುತ್ತಿರಲಿಲ್ಲ. ವಿಂಡೋಸ್ 7ಕ್ಕೆ ಉಚಿತ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ದುಡ್ಡು ಕೊಟ್ಟ ಕಂಪನಿಗಳಿಗೆ 2023ರ ಜನವರಿವರೆಗೆ ಸಿಕ್ಕಿತು. ಬ್ರೌಸರ್ ಎಷ್ಟೇ ಹೊಸದಿರಲಿ, ಕೆಳಗಿನ ವಿಂಡೋಸ್ ತೂತು ಬಿದ್ದದ್ದೇ. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಏಟು ತಿಂದದ್ದರಲ್ಲಿ ಹೆಚ್ಚಿನವು ವಿಂಡೋಸ್ 7. ಅದಕ್ಕೆ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ಪ್ಯಾಚೇ ಬರುವುದಿಲ್ಲ. ನಿಮ್ಮ ಹತ್ತಿರ ಇಷ್ಟು ವರ್ಷದ ಪೇಜ್‌ಮೇಕರ್ ಫೈಲ್ ಇದೆ, ಲಗ್ನದ ಸೀಸನ್‌ನಲ್ಲಿ ಅವು ಲಾಕ್ ಆದರೆ ಏನು ಮಾಡುತ್ತೀರಿ?

ಅದಕ್ಕೇ ನಾನು ಹೇಳುವುದು, ಅದನ್ನು ಇಂಟರ್ನೆಟ್‌ಗೆ ತೋರಿಸಬೇಡಿ. ಪಕ್ಕದಲ್ಲಿ ಇನ್ನೊಂದು ಅಗ್ಗದ ಸೆಕೆಂಡ್‌ಹ್ಯಾಂಡ್ ಸಿಸ್ಟಮ್ ಇಡಿ, ವಾಟ್ಸ್‌ಆ್ಯಪ್, ಮೇಲ್, ಬ್ಯಾಂಕು ಎಲ್ಲ ಅದರಲ್ಲಿ. ಎರಡನ್ನೂ ರೂಟರ್‌ಗೇ ಜೋಡಿಸಿ, ಪರವಾಗಿಲ್ಲ. ಆದರೆ ಹಳೆಯದರಲ್ಲಿ ಐಪಿ ಅಡ್ರೆಸ್ ಕೈಯಲ್ಲಿ ಬರೆಯಿರಿ. ರೂಟರ್ 192.168.1.1 ಇದ್ದರೆ ಇದಕ್ಕೆ 192.168.1.50, ಮಾಸ್ಕ್ 255.255.255.0. ಡೀಫಾಲ್ಟ್ ಗೇಟ್‌ವೇ ಖಾಲಿ, ಡಿಎನ್‌ಎಸ್ ಖಾಲಿ. ಐಪಿ ವರ್ಷನ್ 6ರ ಟಿಕ್ ತೆಗೆಯಿರಿ. ಆಗ ಅದು ಪಕ್ಕದ ಸಿಸ್ಟಮ್ ಜೊತೆ ಮಾತಾಡುತ್ತದೆ, ಹೊರಗೆ ಹೋಗಲು ದಾರಿ ಗೊತ್ತಾಗುವುದಿಲ್ಲ. ಶೇರ್ ಫೋಲ್ಡರ್ ಹೊಸದರಲ್ಲಿ ಮಾಡಿ, ಹಳೆಯದರಲ್ಲಿ ಬೇಡ. ಪಾಸ್‌ವರ್ಡ್ ಇರುವ ಯೂಸರ್ ಒಂದು ಮಾಡಿ, ಈಗಿನ ವಿಂಡೋಸ್ 11 ಪಾಸ್‌ವರ್ಡ್ ಇಲ್ಲದ ಶೇರಿಂಗ್‌ಗೆ ತಕರಾರು ಮಾಡುತ್ತದೆ. ಯಾರಾದರೂ ಎಸ್‌ಎಂಬಿ 1 (ಫೋಲ್ಡರ್ ಹಂಚಿಕೊಳ್ಳುವ ಹಳೆಯ ವಿಧಾನ) ಆನ್ ಮಾಡಿ ಅಂದರೆ ಕೇಳಬೇಡಿ. ಅದು ಎಕ್ಸ್‌ಪಿ ಇಟ್ಟುಕೊಂಡವರ ಕಷ್ಟ, 7ಕ್ಕೆ ಬೇಕಿಲ್ಲ. ವಾನಾಕ್ರೈ ನುಗ್ಗಿದ್ದೂ ಅದರಿಂದಲೇ.

ಪ್ರಿಂಟರ್ ಸಮಸ್ಯೆಯೂ ಇದರಲ್ಲೇ ಮುಗಿಯುತ್ತದೆ. ಪೇಜ್‌ಮೇಕರ್‌ನಿಂದ ಪಿಡಿಎಫ್ ಮಾಡಿ ಫೋಲ್ಡರ್‌ಗೆ ಹಾಕಿ, ಪ್ರಿಂಟ್ ಹೊಸದರಿಂದ ಕೊಡಿ. ಫಾಂಟ್ ಪಿಡಿಎಫ್ ಒಳಗೇ ಕೂತಿರುವುದರಿಂದ ಆ ಕಡೆ ನುಡಿ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಡಾಂಗಲ್ ಯಾವುದು? ಯುಎಸ್‌ಬಿನಾ, ಹಳೆಯ ಪ್ರಿಂಟರ್ ಪೋರ್ಟಿಗೆ ಹಾಕುವ ಅಗಲದ್ದಾ?

ಪ್ರೆಸ್ ಹುಡುಗ, ತೀರ್ಥಹಳ್ಳಿ

ತಾರೀಕು ನೋಡಿದೆ ಹುಲಿಕಲ್ ಅಣ್ಣ, 2008 ಜನವರಿ 1! ಸೆಲ್ ಹಾಕಿದೆ, ಕೆಂಪು ಹೋಯಿತು. ಚಿಕ್ಕಪ್ಪ ಇಷ್ಟು ದಿನ ಇದನ್ನು ಮಳೆಯ ದೋಷ ಅಂದುಕೊಂಡಿದ್ದರು, ಅದೂ ಪೂರ್ತಿ ಸುಳ್ಳಲ್ಲ ಬಿಡಿ.

ಡಾಂಗಲ್ ಅಗಲದ್ದು, ಎರಡು ಕಡೆ ಸ್ಕ್ರೂ ಇರುವುದು. ಇಡೀ ವಿಂಡೋಸ್ 7 ಅನ್ನೇ ಹೊಸ ಸಿಸ್ಟಮ್ ಒಳಗೆ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರ್, ಮಾಡಿ ಕೂರಿಸಬಹುದು ಅಂತ ಸ್ನೇಹಿತ ಹೇಳಿದ. ಹಾಗೆ ಮಾಡಿದರೆ ಒಂದೇ ಸಿಸ್ಟಮ್ ಸಾಕಲ್ವಾ?

ಇನ್ನೊಂದು ವಿಷಯ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕನ್ನಡವನ್ನು ಕಾಪಿ ಮಾಡಿ ಪೇಜ್‌ಮೇಕರ್‌ಗೆ ಹಾಕಿದರೆ ಬರೀ ಪ್ರಶ್ನೆ ಚಿಹ್ನೆ ಬರುತ್ತದೆ. ಈಗ ಎಲ್ಲ ಮತ್ತೆ ಟೈಪ್ ಮಾಡುತ್ತಿದ್ದೇವೆ.

ದುರ್ಗಿಗುಡಿ ರಿಪೇರಿ

ಯುಎಸ್‌ಬಿ ಡಾಂಗಲ್ ಆಗಿದ್ದರೆ ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸ್ ಚೆನ್ನಾಗಿಯೇ ಆಗುತ್ತಿತ್ತು, ಒಳಗಿನ ವಿಂಡೋಸ್‌ಗೆ ಅದನ್ನು ಕೊಡಬಹುದು. ಪ್ರಿಂಟರ್ ಪೋರ್ಟ್‌ದಾದರೆ ಆ ದಾರಿ ಮರೆತುಬಿಡಿ. ಹೆಚ್ಚಿನ ಹೊಸ ಬೋರ್ಡ್‌ಗಳಲ್ಲಿ ಆ ಪೋರ್ಟೇ ಬರುವುದಿಲ್ಲ. ಯುಎಸ್‌ಬಿಯಿಂದ ಪ್ಯಾರಲಲ್ (ಅದೇ ಹಳೆಯ ಪ್ರಿಂಟರ್ ಪೋರ್ಟ್) ಮಾಡುವ ಕೇಬಲ್ ಸಿಗುತ್ತದೆ, ಅದು ಪ್ರಿಂಟರ್‌ಗೆ ಮಾತ್ರ, ಡಾಂಗಲ್ ಅದನ್ನು ಒಪ್ಪುವುದಿಲ್ಲ. ಫಾಂಟ್ ಕಂಪನಿಗೆ ಫೋನ್ ಮಾಡಿ ಬದಲಿಗೆ ಯುಎಸ್‌ಬಿದು ಕೊಡುತ್ತಾರಾ ಕೇಳಿ, ಕೇಳಲು ದುಡ್ಡಿಲ್ಲವಲ್ಲ.

ಹಾಗಾಗಿ ಇದೇ ಯಂತ್ರವನ್ನು ಬದುಕಿಸಬೇಕು. ಮುಚ್ಚಳ ತೆಗೆದಿದ್ದೀರಿ ತಾನೆ, ಪ್ರೊಸೆಸರ್ ಸುತ್ತ ನಿಂತಿರುವ ಸಣ್ಣ ಕೆಪಾಸಿಟರ್‌ಗಳ ತಲೆ ಸಪಾಟಾಗಿದೆಯಾ ನೋಡಿ. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಆ ಬೋರ್ಡ್ ಜಾಸ್ತಿ ದಿನ ಇಲ್ಲ. ಈಗಲೇ ಬೆಸುಗೆ ಬಲ್ಲವರಿಂದ ಬದಲಿಸಿಕೊಳ್ಳಿ. ಹಾರ್ಡ್ ಡಿಸ್ಕ್ ಮೊದಲಿನದೇ ಆದರೆ ಇವತ್ತೇ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು, ತೆಗೆಯಿರಿ, ನಾಳೆ ಅನ್ನಬೇಡಿ. ಕ್ಲೋನ್‌ಜಿಲ್ಲಾ ಅಂತ ಉಚಿತ ಸಿಗುತ್ತದೆ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ಫಾಂಟ್, ಪೇಜ್‌ಮೇಕರ್, ಸೆಟ್ಟಿಂಗ್ ಎಲ್ಲ ಸೇರಿ ಡಿಸ್ಕ್ ಇದ್ದ ಹಾಗೇ ಬೇರೆ ಡಿಸ್ಕ್‌ಗೆ ಹೋಗುತ್ತದೆ. ಒಂದು ಸಾಟಾ ಎಸ್‌ಎಸ್‌ಡಿ ತಂದು ಅದಕ್ಕೇ ಇಳಿಸಿ, ಹಳೆಯ ಡಿಸ್ಕನ್ನು ಎತ್ತಿಡಿ. ಎಸ್‌ಎಸ್‌ಡಿ ಹಳೆಯದಕ್ಕಿಂತ ಸಣ್ಣದಿರಬಾರದು, ಅಷ್ಟೇ.

ವರದಾ ತೀರ, ಸಾಗರ

ಎಲ್ಲರೂ ಹಳೆಯದಕ್ಕೆ ತೇಪೆ ಹಾಕುವುದನ್ನೇ ಹೇಳುತ್ತಿದ್ದೀರಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ (ಈಗ ಫೋನ್, ಕಂಪ್ಯೂಟರ್ ಎಲ್ಲ ಬಳಸುವ ಅಕ್ಷರ ಸಂಕೇತ) ಅಂದರೆ ಏನಂತಲೇ ಗೊತ್ತಿಲ್ಲ, ಪ್ರಶ್ನೆ ಚಿಹ್ನೆ ಬರುವುದು ಅದಕ್ಕೇ. ಹಳೆಯ ನುಡಿ ಫಾಂಟ್‌ನಲ್ಲಿ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿದ್ದಾರೆ. ಫಾಂಟ್ ತೆಗೆದರೆ ಲಗ್ನಪತ್ರಿಕೆ ತುಂಬ ಕಲಸುಮೇಲೋಗರ.

ಹೊಸ ಕೆಲಸವನ್ನಾದರೂ ಯೂನಿಕೋಡ್‌ನಲ್ಲಿ ಶುರು ಮಾಡಿ. ಆ ಎರಡನೇ ಸಿಸ್ಟಮ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಅಗ್ಗಕ್ಕೆ ಸಿಗುವ ಸಿಸ್ಟಮ್‌ಗಳು ಹೆಚ್ಚಿನವು ವಿಂಡೋಸ್ 11ಕ್ಕೆ ಆಗುವುದಿಲ್ಲ, ಮಿಂಟ್‌ಗೆ ಆರಾಮಾಗಿ ಆಗುತ್ತವೆ. ಚಿಕ್ಕಪ್ಪನವರ ಕೈಗೆ ಕೂತಿರುವ ನುಡಿ ಕೀಲಿಮಣೆ ವಿನ್ಯಾಸ ಅಲ್ಲೂ ಇದೆ, ಬೆರಳು ಬದಲಿಸಬೇಕಿಲ್ಲ. ಪುಟ ಕಟ್ಟಲು ಸ್ಕ್ರೈಬಸ್ ಇದೆ. ಹಳೆಯ ಪೇಜ್‌ಮೇಕರ್ ಫೈಲನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ. ಇನ್‌ಡಿಸೈನ್ ಇದ್ದರೆ ಸಿಎಸ್ 6ರವರೆಗಿನದು ತೆರೆಯುತ್ತದೆ, ಆಮೇಲಿನವು ಇಲ್ಲ.

ದುರ್ಗಿಗುಡಿ ರಿಪೇರಿ

ವರದಾ ಅವರೇ, ತೆರೆಯುತ್ತದೆ ನಿಜ. ತೆರೆದ ಮೇಲೆ ಬಾರ್ಡರ್ ಒಂದು ಕಡೆ, ಗಣಪತಿ ಒಂದು ಕಡೆ ಇದ್ದರೆ ಸರಿ ಮಾಡುವವರು ಯಾರು? ಪ್ರೆಸ್‌ನಲ್ಲಿ ದಿನಾ ಹೊಸ ಡಿಸೈನ್ ಮಾಡುವುದಿಲ್ಲ. ಹಳೆಯ ಫೈಲ್ ತೆರೆದು ಹೆಣ್ಣು, ಗಂಡು, ಮುಹೂರ್ತ, ಛತ್ರದ ಹೆಸರು ಬದಲಿಸಿ ಗಿರಾಕಿ ಚಹಾ ಕುಡಿಯುವುದರೊಳಗೆ ಪ್ರೂಫ್ ಕೊಡುತ್ತಾರೆ. ಅವರ ಹತ್ತಿರ ಇರುವ ಅಲಂಕಾರದ ಅಕ್ಷರಗಳು ಯೂನಿಕೋಡ್‌ನಲ್ಲಿ ಅಷ್ಟು ಬಗೆ ಇನ್ನೂ ಇಲ್ಲ. ಯೂನಿಕೋಡ್ ಬೇಡ ಅನ್ನುತ್ತಿಲ್ಲ ನಾನು, ಸೀಸನ್ ಮಧ್ಯೆ ಬೇಡ ಅನ್ನುತ್ತಿದ್ದೇನೆ. ಎರಡನೇ ಸಿಸ್ಟಮ್‌ಗೆ ಮಿಂಟ್ ಅಂದಿದ್ದು ಮಾತ್ರ ಒಳ್ಳೇ ಸಲಹೆ.

ವರದಾ ತೀರ, ಸಾಗರ

ಸೀಸನ್ ಮುಗಿದ ಮೇಲೆ ಇನ್ನೊಂದು ಸೀಸನ್ ಬರುತ್ತದೆ, ನೀವು ಹೇಳಿದ ಲೆಕ್ಕದಲ್ಲಿ ಯಾವತ್ತೂ ಆಗುವುದಿಲ್ಲ. ಇರಲಿ.

ಪ್ರಶ್ನೆ ಚಿಹ್ನೆಗೆ ಈಗಿನ ಮಟ್ಟಿಗೆ ಹೀಗೆ ಮಾಡಿ. ಯೂನಿಕೋಡ್‌ನಿಂದ ನುಡಿ ಆಸ್ಕಿಗೆ (ಹಳೆಯ ನುಡಿ ಫಾಂಟ್‌ನ ಸಂಕೇತಕ್ಕೆ) ಬದಲಿಸುವ ಕನ್ವರ್ಟರ್ ಬ್ರೌಸರ್‌ನಲ್ಲೇ ಸಿಗುತ್ತವೆ. ನೆಟ್ ಇರುವ ಸಿಸ್ಟಮ್‌ನಲ್ಲಿ ಮ್ಯಾಟರ್ ಹಾಕಿ ಬದಲಿಸಿ, ಪಠ್ಯ ಫೈಲ್ ಮಾಡಿ ಫೋಲ್ಡರ್‌ಗೆ ಬಿಡಿ. ಇಲ್ಲಿ ಒಂದು ಕಿತಾಪತಿ ಇದೆ. ಈಗಿನ ವಿಂಡೋಸ್ ನೋಟ್‌ಪ್ಯಾಡ್ ಸುಮ್ನೆ ಬಿಟ್ಟರೆ ಯುಟಿಎಫ್-8 ಅನ್ನುವ ಯೂನಿಕೋಡ್ ಬಗೆಯಲ್ಲಿ ಉಳಿಸುತ್ತದೆ, ಮಿಂಟ್‌ನ ಎಡಿಟರ್ ಕೂಡ ಹಾಗೇ. ಅದನ್ನು ಪೇಜ್‌ಮೇಕರ್‌ಗೆ ತಂದರೆ ಪ್ರತಿ ಅಕ್ಷರದ ಪಕ್ಕ ಕಸ ಅಂಟಿರುತ್ತದೆ. ಸೇವ್ ಮಾಡುವಾಗ ಎನ್‌ಕೋಡಿಂಗ್ ಜಾಗದಲ್ಲಿ ಹಳೆಯ ಬಗೆಯಾದ ಆನ್ಸಿ ಆರಿಸಿ, ಲಿನಕ್ಸ್ ಆದರೆ ವಿಂಡೋಸ್-1252. ಆಮೇಲೆ ಪೇಜ್‌ಮೇಕರ್‌ನಲ್ಲಿ ಪ್ಲೇಸ್ ಮಾಡಿ ನುಡಿ 01 ಇ ಫಾಂಟ್ ಕೊಟ್ಟರೆ ಕನ್ನಡ ಬರುತ್ತದೆ. ಅರ್ಕಾವತ್ತು, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ, ಮುಖ್ಯವಾಗಿ ಹೆಸರುಗಳಲ್ಲಿ. ದುಡ್ಡು ಕೊಟ್ಟ ಪ್ಯಾಕೇಜ್‌ನ ಫಾಂಟ್‌ಗೆ ಇದು ಆಗುವುದಿಲ್ಲ, ಅದರ ಅಕ್ಷರ ಜೋಡಣೆ ಬೇರೆ. ಅದಕ್ಕೆ ಅವರದ್ದೇ ಕನ್ವರ್ಟರ್ ಇದೆಯಾ ನೋಡಿ.

ಹುಲಿಕಲ್ ಘಾಟಿ

ಗಿರಾಕಿಗಳಿಗೆ ಫೋಟೋ ಮಾತ್ರ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಮಾಮೂಲಿ ಫೋಟೋ ಥರ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಸಣ್ಣ ಮಾಡಿಬಿಡುತ್ತದೆ, ಛಾಪಿಸಿದಾಗ ಮುಖ ಮಸುಕು.

ಪ್ರೆಸ್ ಹುಡುಗ, ತೀರ್ಥಹಳ್ಳಿ

ಗೇಟ್‌ವೇ ಖಾಲಿ ಬಿಟ್ಟು ಮನೆಯ ಲ್ಯಾಪ್‌ಟಾಪ್ ಜೊತೆ ನೋಡಿದೆ, ಫೋಲ್ಡರ್ ತೆರೆಯಿತು, ಪಿಡಿಎಫ್ ಪ್ರಿಂಟೂ ಬಂತು. ಆನ್ಸಿ ಮಾಡಿದ್ದಕ್ಕೆ ಅರ್ಧ ಪುಟದ ಆಮಂತ್ರಣ ಹಾಗೇ ಬಂತು, ಒಂದೆರಡು ಒತ್ತಕ್ಷರ ಕೈಯಲ್ಲಿ ಸರಿ ಮಾಡಿದೆವು. ಕೆಪಾಸಿಟರ್ ಒಂದರ ತಲೆ ಸ್ವಲ್ಪ ಎದ್ದ ಹಾಗಿದೆ. ಶಿವಮೊಗ್ಗಕ್ಕೆ ಬಂದಾಗ ತೋರಿಸಬಹುದಾ ಸರ್? ಚಿಕ್ಕಪ್ಪ ಒಂದೇ ದಿನಕ್ಕೆ ಬಿಡುತ್ತಾರಂತೆ.

ದುರ್ಗಿಗುಡಿ ರಿಪೇರಿ

ತನ್ನಿ. ಇಮೇಜ್ ತೆಗೆದೇ ತನ್ನಿ, ಬಸ್ಸಲ್ಲಿ ತರುವುದಾದರೆ ಡಾಂಗಲ್ ಬಿಚ್ಚಿ ಮನೆಯಲ್ಲೇ ಇಡಿ.