ಅಮೆರಿಕದ ಕ್ರೈಸ್ತ ರಾಕ್ ತಂಡ ಪೆಟ್ರಾದ ಹಾಡು ಕೇಳಿ ಬೆಳೆದವರು ಯಾರಾದರೂ ಇದ್ದೀರಾ?

ಪ್ರಶ್ನೆ (ಬೇಳ, ಕಾಸರಗೋಡು):
ಇಪ್ಪತ್ತು ವರ್ಷಗಳಿಂದ ಇಗರ್ಜಿಯ ಗಾಯನ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಚಿಕ್ಕವನಿದ್ದಾಗ ಮಸ್ಕತ್‌ನಲ್ಲಿದ್ದ ಮಾವ ಪೆಟ್ರಾ ತಂಡದ ಕ್ಯಾಸೆಟ್ ತಂದಿದ್ದರು. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಕೇಳುತ್ತಿದ್ದೆ. ಅಮ್ಮನಿಗೆ ಅದು ತಗಡು ಬಡಿದ ಸದ್ದು! 1972ರಲ್ಲಿ ಹುಟ್ಟಿದ ತಂಡ ಅದು. ಆ ತಲೆಮಾರಿನವರ ನಂಬಿಕೆ ಮುಪ್ಪಿನವರೆಗೂ ಉಳಿಯಿತೇ, ಅಥವಾ ವೇದಿಕೆ ಇಳಿದಾಗ ಕಳಚಿಟ್ಟರೇ?

ಉತ್ತರ (ಮಂಜೇಶ್ವರ):
ಅದೇ ತಲೆಮಾರಿನ ಕ್ರೈಸ್ತ ರಾಕ್ ತಂಡ ರೆಸರೆಕ್ಷನ್ ಬ್ಯಾಂಡಿನ ಗಾಯಕ ಗ್ಲೆನ್ ಕೈಸರ್ ಅವರನ್ನು ನೋಡಿ. ಷಿಕಾಗೋದಲ್ಲಿ ಎಲ್ಲರ ದುಡಿಮೆಯೂ ಒಂದೇ ಗಂಟಿಗೆ ಸೇರುವ ಸಮುದಾಯದಲ್ಲಿ ದಶಕಗಳ ಕಾಲ ಬದುಕಿದವರು. ರಾಕ್ ತಾರೆಯೊಬ್ಬ ಹಾಗೆ ಬದುಕುವುದೆಂದರೆ ನನಗಂತೂ ಅದೇ ಸಾಕ್ಷಿ.

ಉತ್ತರ (ಕುಂಬಳೆ):
ಕ್ರೈಸ್ತ ಹೆವಿ ಮೆಟಲ್ ತಂಡ ಸ್ಟ್ರೈಪರ್ ಬಗ್ಗೆ ನನಗೆ ಅನುಮಾನವಿತ್ತು. ಹಳದಿ-ಕಪ್ಪು ಪಟ್ಟೆಯ ಬಿಗಿ ಉಡುಪು, ಕೆದರಿದ ಕೂದಲು, ಪ್ರೇಕ್ಷಕರತ್ತ ಬೈಬಲ್ ಎಸೆಯುವುದು! ಎಸೆಯುವುದು ಈಗಲೂ ನನಗೆ ಸರಿಕಾಣುವುದಿಲ್ಲ. ಆದರೆ ಅವರ ಲಾಂಛನದಲ್ಲಿದ್ದ ಬೈಬಲಿನ ವಚನ ಯೆಶಾಯ 53:5 ಅನ್ನು ನಾನು ತೆರೆದು ಓದಿದ್ದು ಅವರಿಂದಲೇ, ಧರ್ಮೋಪದೇಶದ ತರಗತಿಯಿಂದಲ್ಲ.

ಉತ್ತರ (ಉಪ್ಪಳ):
ಕ್ರೈಸ್ತ ಗಿಟಾರ್ ವಾದಕ ಫಿಲ್ ಕೆಗ್ಗಿ ಅವರನ್ನು ಮರೆತಿರಲ್ಲ! ನಾಲ್ಕನೆಯ ವಯಸ್ಸಿನಲ್ಲಿ ಬಲಗೈಯ ನಡುಬೆರಳಿನ ಅರ್ಧ ಹೋಯಿತು. ಆದರೂ ಆ ಗಿಟಾರ್!

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ನಡುಬೆರಳು ಮಡಚಿಕೊಂಡು ತಂತಿ ಮೀಟಿ ನೋಡಿದೆ. ಎರಡು ಸಾಲು ದಾಟಲಿಲ್ಲ. ಅಮ್ಮ ಒಳಗಿನಿಂದ, "ಇನ್ನೂ ತಗಡು ಬಡಿಯುವುದು ನಿಂತಿಲ್ಲವೇ?" ಎಂದರು.